ಆಧಾರ್ ಸೀಡಿಂಗ್: ಸ್ಕಾಲರ್‌ಶಿಪ್ ಹಣ ಯಾವ ಖಾತೆಗೆ ಹೋಗುತ್ತದೆ?

ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದೀರಿ. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ನಂಬರ್ ಸರಿಯಾಗಿದೆ. ಅರ್ಜಿ ಮಂಜೂರು ಕೂಡ ಆಗಿದೆ. ಆದರೂ ಹಣ ಬಂದಿಲ್ಲ. ಇಂಥ ಹೊತ್ತಲ್ಲಿ ಮೊದಲು ಕೇಳಿಬರುವ ಪ್ರಶ್ನೆ: "ಸೀಡಿಂಗ್ ಆಗಿದೆಯಾ?" ಗೃಹಲಕ್ಷ್ಮಿ ಹಣಕ್ಕಾಗಿ ಬ್ಯಾಂಕಿಗೆ ಓಡಾಡಿದ ಅಮ್ಮಂದಿರಿಗೆ ಈ ಮಾತು ಆಗಲೇ ಪರಿಚಯ. ಮಕ್ಕಳಿಗೇ ಹೊಸದು.

ಸ್ಕಾಲರ್‌ಶಿಪ್ ಹಣ ಖಾತೆ ನಂಬರ್ ಹುಡುಕಿಕೊಂಡು ಬರುವುದಿಲ್ಲ, ಆಧಾರ್ ನಂಬರ್ ಹಿಡಿದು ಬರುತ್ತದೆ. ಎನ್‌ಪಿಸಿಐ ಎಂಬ ಸಂಸ್ಥೆಯ ಬಳಿ ಒಂದು ಪಟ್ಟಿ ಇದೆ. ಅದಕ್ಕೆ ಮ್ಯಾಪರ್ ಎನ್ನುತ್ತಾರೆ. ಈ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂಬುದಷ್ಟೇ ಅದರಲ್ಲಿರುತ್ತದೆ. ಖಾತೆ ನಂಬರ್ ಇರುವುದಿಲ್ಲ, ಅದನ್ನು ಬ್ಯಾಂಕೇ ನೋಡಿಕೊಳ್ಳುತ್ತದೆ. ನಿಮ್ಮ ಬ್ಯಾಂಕಿನ ಹೆಸರನ್ನು ಈ ಪಟ್ಟಿಗೆ ಸೇರಿಸುವುದೇ ಸೀಡಿಂಗ್.

"ನನ್ನ ಖಾತೆಗೆ ಆಧಾರ್ ಲಿಂಕ್ ಇದೆಯಲ್ಲಾ" ಎಂದು ತುಂಬಾ ಜನ ಸುಮ್ನಾಗುತ್ತಾರೆ. ಎಡವುವುದು ಇಲ್ಲೇ. ಕೆವೈಸಿಗೆ ಆಧಾರ್ ಜೆರಾಕ್ಸ್ ಕೊಟ್ಟರೆ ಅದು ಬ್ಯಾಂಕಿನ ಒಳಗಿನ ದಾಖಲೆ. ಎಷ್ಟು ಬ್ಯಾಂಕಿನಲ್ಲಿ ಬೇಕಾದರೂ ಹಾಗೆ ಕೊಡಬಹುದು. ಮ್ಯಾಪರ್‌ನಲ್ಲಿ ಮಾತ್ರ ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಹೊಸ ಬ್ಯಾಂಕಿನಲ್ಲಿ ಸೀಡಿಂಗ್ ಮಾಡಿಸಿದರೆ ಹಳೆಯದರ ಹೆಸರು ಹೋಗುತ್ತದೆ. ಖಾತೆ ತೆರೆಯುವಾಗ ಓದದೆ ಟಿಕ್ ಹಾಕಿದ ಒಪ್ಪಿಗೆಯೂ ಈ ಕೆಲಸ ಮಾಡಿಬಿಡಬಹುದು. 2017ರಲ್ಲಿ ಏರ್‌ಟೆಲ್ ಸಿಮ್‌ಗೆ ಆಧಾರ್ ಕೊಟ್ಟ ಎಷ್ಟೋ ಜನರ ಗ್ಯಾಸ್ ಸಬ್ಸಿಡಿ, ಅವರಿಗೆ ಗೊತ್ತೇ ಇಲ್ಲದ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹೋಗಿದ್ದು ಹೀಗೇ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಇದು ಇನ್ನೂ ಮುಖ್ಯ. ಅವರ ಪೋಸ್ಟ್ ಮೆಟ್ರಿಕ್ ಯೋಜನೆಯಲ್ಲಿ ರಾಜ್ಯದ ಪಾಲು ಶೇ 40, ಕೇಂದ್ರದ್ದು ಶೇ 60. ಎರಡೂ ಬೇರೆ ಬೇರೆ ಹೊತ್ತಿಗೆ ಬರುತ್ತವೆ. ನಡುವೆ ಬ್ಯಾಂಕ್ ಬದಲಾದರೆ ದೊಡ್ಡ ಪಾಲು ಇನ್ನೊಂದು ಖಾತೆಗೆ ಹೋಗುತ್ತದೆ. ಹಣ ಬಂದೇ ಇಲ್ಲ ಎಂದು ಗಾಬರಿಯಾಗುವ ಮೊದಲು ಆ ಖಾತೆಯನ್ನೂ ನೋಡಿ.

ಪರೀಕ್ಷಿಸುವುದು ಸುಲಭ. ಮೈ ಆಧಾರ್ ವೆಬ್‌ಸೈಟಿಗೆ ಒಟಿಪಿ ಹಾಕಿ ಲಾಗಿನ್ ಆಗಿ, ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ. ಬ್ಯಾಂಕಿನ ಹೆಸರು ಕಾಣುತ್ತದೆ, ಪಕ್ಕದಲ್ಲಿ ಆ್ಯಕ್ಟಿವ್ ಎಂದಿರಬೇಕು. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು, ಅಷ್ಟೆ. ಸರ್ಕಾರದ ಹಣ ಹೀಗೆ ನೇರವಾಗಿ ಖಾತೆಗೆ ಬರುವುದನ್ನು ಡಿಬಿಟಿ ಎನ್ನುತ್ತಾರೆ. ಹಣ ಪಾವತಿಯಾಗಿದೆಯೇ ಎಂದು ನೋಡಲು ಡಿಬಿಟಿ ಕರ್ನಾಟಕ ಆ್ಯಪ್ ಇದೆ.

ಸೀಡಿಂಗ್ ಆಗಿಲ್ಲದಿದ್ದರೆ ಬ್ಯಾಂಕಿಗೆ ಹೋಗಿ "ಆಧಾರ್ ಲಿಂಕ್ ಮಾಡಿ" ಎನ್ನಬೇಡಿ. "ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಆಗಬೇಕು" ಎಂದೇ ಹೇಳಿ, ಒಪ್ಪಿಗೆ ಫಾರಂ ತುಂಬಿ ಕೊಡಿ. ಬೇರೆ ಬ್ಯಾಂಕಿನಿಂದ ಬದಲಾಯಿಸುವುದಾದರೆ ಹಳೆಯ ಬ್ಯಾಂಕಿನ ಹೆಸರನ್ನೂ ಬರೆಯಿರಿ.

ಇನ್ನೊಂದು ತೊಡಕು ಹಳೆಯ ಖಾತೆಯದ್ದು. ಹೈಸ್ಕೂಲಿನಲ್ಲಿದ್ದಾಗ ತೆರೆದ ಖಾತೆ ಮೈನರ್ ಖಾತೆಯಾಗಿರುತ್ತದೆ. 18 ತುಂಬಿದ ಮೇಲೆ ಹೊಸದಾಗಿ ಕೆವೈಸಿ ಕೊಟ್ಟು, ನಿಮ್ಮ ಸಹಿ ದಾಖಲಿಸಬೇಕು. ಎರಡು ವರ್ಷಕ್ಕಿಂತ ಜಾಸ್ತಿ ವ್ಯವಹಾರ ಮಾಡದ ಖಾತೆಯೂ ನಿಷ್ಕ್ರಿಯವಾಗಬಹುದು. ಸೀಡಿಂಗ್ ಸರಿ ಇದ್ದರೂ ಖಾತೆಯಲ್ಲಿ ತೊಡಕಿದ್ದರೆ ಹಣ ವಾಪಸ್ ಹೋಗಬಹುದು. ಅರ್ಜಿ ಹಾಕುವ ಮೊದಲೇ ಪಾಸ್‌ಬುಕ್ ಹಿಡಿದು ಒಮ್ಮೆ ಬ್ಯಾಂಕಿಗೆ ಹೋಗಿಬನ್ನಿ.