ರಾಜೇಶ್ವರಿ ಚಟರ್ಜಿ: ಗಣಿತದಿಂದ ಮೈಕ್ರೋವೇವ್‌ಗೆ

'ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್' ಎಂದು ಇವರನ್ನು ಕರೆಯುತ್ತಾರೆ. ಇಷ್ಟು ಉರು ಹೊಡೆದರೆ ಒಂದು ಅಂಕ ಸಿಗಬಹುದು. ಆದರೆ ಅವರು ಮಾಡಿದ ಕೆಲಸ ಏನು ಅಂತ ಕೇಳಿದರೆ ತಡವರಿಸುತ್ತೇವೆ, ಅಲ್ವಾ? ಈ ಟಿಪ್ಪಣಿ ಅದಕ್ಕಾಗಿ.

ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಹಾಗಾಗಿ ಹೆಣ್ಣುಮಕ್ಕಳು ಓದುವುದು ಆ ಮನೆಗೆ ಹೊಸದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಆನರ್ಸ್, ಎಂ.ಎಸ್‌ಸಿ. ಎರಡರಲ್ಲೂ ಮೊದಲ ರ‍್ಯಾಂಕ್. ವಿಷಯ ಎಂಜಿನಿಯರಿಂಗ್ ಅಲ್ಲ, ಗಣಿತ. ಇಲ್ಲೇ ಜಾಸ್ತಿ ಜನ ಎಡವುವುದು.

1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಸಂಶೋಧನೆಗೆ ಸೇರಿದರು. 1947ರಲ್ಲಿ ಸರ್ಕಾರದ ಸ್ಕಾಲರ್‌ಶಿಪ್ ಪಡೆದು ಹಡಗಿನಲ್ಲಿ ಅಮೆರಿಕಕ್ಕೆ ಹೊರಟರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮುಗಿಸಿ 1953ರಲ್ಲಿ ಬೆಂಗಳೂರಿಗೆ ಮರಳಿ, ಅದೇ ಸಂಸ್ಥೆಯಲ್ಲಿ ಪಾಠ ಹೇಳತೊಡಗಿದರು. ಅಲ್ಲಿನವರೇ ಆದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಇಬ್ಬರೂ ಸೇರಿ ಮೈಕ್ರೋವೇವ್ (ಬಹಳ ಗಿಡ್ಡ ರೇಡಿಯೋ ಅಲೆ) ಸಂಶೋಧನೆಗೆ ನೆಲೆ ಕಟ್ಟಿದರು.

ಗಣಿತ ಓದಿದವರಿಗೆ ಅಲ್ಲೇನು ಕೆಲಸ? ಒಂದು ಸಣ್ಣ ಲೆಕ್ಕ ನೋಡಿ. ಬೆಳಕಿನ ವೇಗವನ್ನು (ಸೆಕೆಂಡಿಗೆ 3 ಲಕ್ಷ ಕಿ.ಮೀ.) ಆವರ್ತನದಿಂದ, ಅಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಸಂಖ್ಯೆಯಿಂದ, ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ. ಮನೆಯ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ. ಅದರ ಅಲೆ 6000 ಕಿ.ಮೀ. ಉದ್ದ! ಗೋಡೆಯೊಳಗಿನ ತಂತಿ ಅದರ ಮುಂದೆ ಒಂದು ಚುಕ್ಕೆ. ಹಾಗಾಗಿ ಓಮ್ ನಿಯಮ ಸಾಕು. ಈಗ 10 ಗಿಗಾಹರ್ಟ್ಸ್ (ಸೆಕೆಂಡಿಗೆ ಸಾವಿರ ಕೋಟಿ ಸಲ) ತೆಗೆದುಕೊಳ್ಳಿ. ಅಲೆ ಬರೀ 3 ಸೆಂ.ಮೀ. ಬೆರಳುದ್ದದ ತಂತಿಯಲ್ಲೇ ಎರಡು ಅಲೆ ಹಿಡಿಸುತ್ತವೆ. ತಂತಿಯ ಒಂದು ಕಡೆ ಇರುವ ವೋಲ್ಟೇಜ್ ಅಲ್ಲಿಂದ ಸ್ವಲ್ಪ ಆಚೆಗೆ ಇರುವುದಿಲ್ಲ. ಇಲ್ಲಿ ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳನ್ನು ವಿವರಿಸುವ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನೇ ಬಿಡಿಸಬೇಕು, ಅದಕ್ಕೆ ಗಟ್ಟಿ ಗಣಿತ ಬೇಕು.

ಡೈಎಲೆಕ್ಟ್ರಿಕ್ ಆಂಟೆನಾಗಳ ಬಗ್ಗೆ ಅವರು ಪುಸ್ತಕವನ್ನೇ ಬರೆದಿದ್ದಾರೆ. ಲೋಹದ ಬದಲು ಪ್ಲಾಸ್ಟಿಕ್‌ನಂಥ ವಸ್ತುವಿನ ಕಡ್ಡಿಯೂ ಅಲೆಯನ್ನು ಕರೆದೊಯ್ದು ಹೊರಗೆ ಹರಡಬಲ್ಲದು. ವಿದ್ಯುತ್ ಹರಿಯದ ಕಡ್ಡಿ ಆಂಟೆನಾ ಆಗುವುದು ನನಗಂತೂ ಮೊದಲು ನಂಬಿಕೆಯೇ ಬರಲಿಲ್ಲ.

ಅವರ ಕೈಕೆಳಗೆ 20 ಮಂದಿ ಪಿಎಚ್‌.ಡಿ. ಪಡೆದರು. 1982ರಲ್ಲಿ ನಿವೃತ್ತಿ, ಆಮೇಲೆ ಮಹಿಳಾ ಅಧ್ಯಯನದ ಕೆಲಸ. ತೀರಿಕೊಂಡದ್ದು 2010ರಲ್ಲಿ.

ಲೆಕ್ಕ ಕೈಗೆ ಹತ್ತಲು ಇದನ್ನೂ ಮಾಡಿ: ವೈಫೈ ಬಳಸುವ ಒಂದು ಆವರ್ತನ 2.4 ಗಿಗಾಹರ್ಟ್ಸ್, ಅದರ ಅಲೆಯ ಉದ್ದ ಎಷ್ಟು? ಉತ್ತರ 12.5 ಸೆಂ.ಮೀ. ಬರಬೇಕು.