ದ್ವಿದಳ ಬೆಳೆಯ ಜಮಾ ಖರ್ಚು: ಬೆಳೆ ಪರಿವರ್ತನೆ ಕುರಿತ ಅಧ್ಯಯನ ಟಿಪ್ಪಣಿ

ಬೆಳೆ ಪರಿವರ್ತನೆಯ ಪಾಠದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ವಾಕ್ಯವೊಂದಿದೆ: ‘ದ್ವಿದಳ ಧಾನ್ಯಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸಿ ಫಲವತ್ತತೆ ಹೆಚ್ಚಿಸುತ್ತವೆ.’ ಹೀಗೆ ಬರೆದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಹೊಲದಲ್ಲಿ ಮಾತ್ರ ಫಲ ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ. ನಾನೂ ಬಹಳ ದಿನ ಈ ವಾಕ್ಯವನ್ನು ನಂಬಿಕೊಂಡಿದ್ದೆ. ಒಂದು ದಿನ ಕಾಗದ ಹಿಡಿದು ಕೂಡಿಸಿ ಕಳೆದು ನೋಡಿದಾಗ, ಮಣ್ಣಿಗೆ ಸೇರುವುದು ಎಷ್ಟು ಎಂಬುದು ಬೇರಿನಲ್ಲಿ ಮಾತ್ರವಲ್ಲ, ಕಟಾವಿನ ದಿನವೂ ತೀರ್ಮಾನವಾಗುತ್ತದೆ ಎಂದು ತಿಳಿಯಿತು. ಈ ಟಿಪ್ಪಣಿ ಆ ಲೆಕ್ಕದ ಸುತ್ತ.

ಬೇರುಗಂಟಿನೊಳಗೆ

ಗಾಳಿಯ ಶೇ 78ರಷ್ಟು ಭಾಗ ಸಾರಜನಕವೇ ಆದರೂ ಗಿಡಕ್ಕೆ ಅದು ಕೈಗೆಟುಕದ ಗಂಟು. ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುತ್ತವೆ. ಆ ಬಿಗಿತ ಬಿಡಿಸುವ ಕೆಲಸ ದ್ವಿದಳ ಗಿಡದ ಬೇರಿನ ಸಣ್ಣ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳದ್ದು. ಅದಕ್ಕೆ ಬೇಕಾದ ಶಕ್ತಿಯನ್ನು ಗಿಡ ಸಕ್ಕರೆಯ ರೂಪದಲ್ಲಿ ಕೊಡುತ್ತದೆ. ಒಂದು ಸಾರಜನಕ ಅಣುವಿಗೆ ಕನಿಷ್ಠ 16 ಎಟಿಪಿ (ಜೀವಕೋಶದ ಶಕ್ತಿಯ ನಾಣ್ಯವೆನ್ನಬಹುದಾದ ಅಣು) ಖರ್ಚಾಗುತ್ತದೆ. ಅಂದರೆ ಇದು ಬಿಟ್ಟಿ ಕೆಲಸವಲ್ಲ. ಮಣ್ಣಿನಲ್ಲಿ ನೈಟ್ರೇಟ್, ಅಂದರೆ ಬೇರು ನೇರವಾಗಿ ಹೀರಬಲ್ಲ ರೂಪದ ಸಾರಜನಕ, ಧಾರಾಳವಾಗಿದ್ದರೆ ಗಿಡ ಈ ದುಬಾರಿ ದಾರಿಯನ್ನು ಬಿಟ್ಟು ಅದನ್ನೇ ಹೀರಿಕೊಳ್ಳುತ್ತದೆ. ದ್ವಿದಳ ಬೆಳೆಗೆ ಯೂರಿಯಾ ಸುರಿದರೆ ಗಂಟುಗಳು ಕಡಿಮೆಯಾಗುವುದು ಇದರಿಂದಲೇ.

ಈ ಸಂಗತಿ ಪತ್ತೆಯಾದ ಕಥೆ ನನಗೆ ಬಹಳ ಇಷ್ಟ. 1838ರ ಸುಮಾರಿಗೆ ಫ್ರಾನ್ಸಿನ ವಿಜ್ಞಾನಿ ಬೂಸಿಂಗೊ ಮರಳಿನಲ್ಲಿ ಕ್ಲೋವರ್ (ಒಂದು ದ್ವಿದಳ ಮೇವಿನ ಗಿಡ) ಮತ್ತು ಬಟಾಣಿ ಬೆಳೆಸಿ, ಅವುಗಳಲ್ಲಿ ಸಾರಜನಕ ಹೆಚ್ಚಿದ್ದನ್ನೂ ಗೋಧಿ ಮತ್ತು ಓಟ್ಸ್‌ನಲ್ಲಿ ಹೆಚ್ಚದಿದ್ದನ್ನೂ ಕಂಡರು. ಮುಂದೆ ಪ್ರಯೋಗವನ್ನು ಇನ್ನಷ್ಟು ಕಟ್ಟುನಿಟ್ಟಾಗಿ, ಮರಳನ್ನು ಕಾಯಿಸಿ, ಮುಚ್ಚಿದ ಪಾತ್ರೆಗಳಲ್ಲಿ ಮಾಡಿದಾಗ ಆ ಹೆಚ್ಚಳವೇ ಕಾಣೆಯಾಯಿತು! ಅತಿ ಶುಚಿಯೇ ಅಡ್ಡಿಯಾಗಿತ್ತು. ಬೆಂಕಿಯಲ್ಲಿ ಬ್ಯಾಕ್ಟೀರಿಯಾಗಳು ಸತ್ತಿದ್ದವು. ಈ ಒಗಟನ್ನು ಬಿಡಿಸಿದವರು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್. ಅವರ ವಿವರವಾದ ವರದಿ ಬಂದದ್ದು 1888ರಲ್ಲಿ. ಅದೇ ವರ್ಷ ಡಚ್ ವಿಜ್ಞಾನಿ ಬೈಯೆರಿಂಕ್ ಬೇರುಗಂಟಿನಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು.

ಹೊಲದಲ್ಲಿ ನೋಡುವ ಬಗೆ ಸುಲಭ. ಹೂ ಬಿಡುವ ಹೊತ್ತಿಗೆ ನಾಲ್ಕೈದು ಗಿಡಗಳನ್ನು ಸಲಿಕೆಯಿಂದ ಮಣ್ಣುಸಮೇತ ಎಬ್ಬಿಸಿ. ಕೈಯಿಂದ ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿದು, ಗಂಟೇ ಇಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಗಂಟನ್ನು ಉಗುರಿನಿಂದ ಸೀಳಿ. ಒಳಗೆ ರಕ್ತದಂತೆ ಕೆಂಪು ಅಥವಾ ಗುಲಾಬಿ ಬಣ್ಣ ಕಂಡರೆ ಕೆಲಸ ನಡೆದಿದೆ, ಅದು ಲೆಗ್‌ಹಿಮೋಗ್ಲೋಬಿನ್ ಎಂಬ, ನಮ್ಮ ರಕ್ತದ ಹಿಮೋಗ್ಲೋಬಿನ್ನನ್ನು ಹೋಲುವ ಪ್ರೋಟೀನಿನ ಬಣ್ಣ. ಬಿಳಿ, ಹಸಿರು, ಬೂದು ಬಣ್ಣವಿದ್ದರೆ ಗಂಟು ಇನ್ನೂ ಎಳೆಯದು, ಮುದಿಯಾದದ್ದು ಅಥವಾ ಸುಮ್ಮನೆ ತಿಂದು ಕುಳಿತಿರುವಂಥದ್ದು. ಗಂಟೇ ಇಲ್ಲದಿದ್ದರೆ ಮೊದಲು ನೆನೆಯಬೇಕಾದದ್ದು ಬ್ಯಾಕ್ಟೀರಿಯಾದ ಹೊಂದಾಣಿಕೆ. ಅಲಸಂದೆ, ಹೆಸರು, ಶೇಂಗಾ ಇವು ಮಣ್ಣಿನಲ್ಲಿರುವ ಹಲವು ಬಗೆಯ ಬ್ಯಾಕ್ಟೀರಿಯಾಗಳೊಂದಿಗೆ ಹೊಂದಿಕೊಳ್ಳುತ್ತವೆ. ಕಡಲೆ ಮತ್ತು ಸೋಯಾ ಹಾಗಲ್ಲ, ತಮ್ಮದೇ ಬಳಗ ಬೇಕೆನ್ನುತ್ತವೆ. ಅವನ್ನು ಹಿಂದೆಂದೂ ಬೆಳೆಯದ ಹೊಲದಲ್ಲಿ ಬೀಜಕ್ಕೆ ತಕ್ಕ ರೈಜೋಬಿಯಂ ಹಚ್ಚುವ ಬೀಜೋಪಚಾರ ಬಿಡುವಂತಿಲ್ಲ. ಶಿಲೀಂಧ್ರನಾಶಕ ಹಚ್ಚಿದ ಬೀಜದ ಮೇಲೆಯೇ ರೈಜೋಬಿಯಂ ಹಚ್ಚಿ ಬಿಸಿಲಿಗಿಟ್ಟರೆ, ಹಚ್ಚಿದ್ದೂ ಒಂದೇ ಹಚ್ಚದಿದ್ದೂ ಒಂದೇ.

ಲೆಕ್ಕಕ್ಕೆ ಬರೋಣ

ಕೆಳಗಿನ ಅಂಕಿಗಳು ಲೆಕ್ಕ ಕಲಿಯಲು ನಾನು ಹಿಡಿದವು. ನಿಮ್ಮ ಹೊಲದ್ದು ಬೇರೆ ಇರುತ್ತದೆ, ಆದರೆ ಕೂಡಿಸಿ ಕಳೆಯುವ ರೀತಿ ಅದೇ. ಪ್ರೋಟೀನನ್ನು 6.25ರಿಂದ ಭಾಗಿಸಿದರೆ ಸಾರಜನಕ ಸಿಗುತ್ತದೆ. ಸೋಯಾ ಕಾಳಿನಲ್ಲಿ ಶೇ 40ರಷ್ಟು ಪ್ರೋಟೀನ್ ಎಂದರೆ ಶೇ 6.4 ಸಾರಜನಕ.

ಒಂದು ಹೆಕ್ಟೇರಿನಲ್ಲಿ 1,500 ಕಿಲೋ ಸೋಯಾ ಕಾಳು ಬಂತು ಎನ್ನಿ. ಕಾಳಿನಲ್ಲಿ 96 ಕಿಲೋ ಸಾರಜನಕ. ದಂಟು, ಸಿಪ್ಪೆಯಲ್ಲಿ 20, ಬೇರಿನಲ್ಲಿ 24. ಒಟ್ಟು 140. ಇದರಲ್ಲಿ ಶೇ 60ರಷ್ಟು ಗಾಳಿಯಿಂದ ಬಂದಿದ್ದರೆ ಅದು 84 ಕಿಲೋ. ಉಳಿದ 56 ಮಣ್ಣಿನದ್ದೇ. ಈಗ ಕಾಳನ್ನು ಮಾತ್ರ ಹೊರಗೆ ಸಾಗಿಸಿ ಉಳಿದುದೆಲ್ಲವನ್ನೂ ಹೊಲದಲ್ಲೇ ಬಿಟ್ಟೆವು. ಬಂದದ್ದು 84, ಹೋದದ್ದು 96. ಹನ್ನೆರಡು ಕಿಲೋ ಕೊರತೆ! ದಂಟನ್ನೂ ಹೊತ್ತೊಯ್ದರೆ ಕೊರತೆ 32.

ಇನ್ನೊಂದು ಹೆಕ್ಟೇರಿನಲ್ಲಿ ಹಬ್ಬುವ ಅಲಸಂದೆ. ಕಾಳು 800 ಕಿಲೋ ಮಾತ್ರ, ಶೇ 4 ಸಾರಜನಕದಂತೆ 32 ಕಿಲೋ. ಎಲೆಬಳ್ಳಿ 2,000 ಕಿಲೋ, ಶೇ 2.5ರಂತೆ 50. ಬೇರು 18. ಒಟ್ಟು 100, ಗಾಳಿಯದ್ದು 60. ಬಳ್ಳಿಯನ್ನು ಹೊಲದಲ್ಲಿ ಬಿಟ್ಟರೆ 28 ಕಿಲೋ ಲಾಭ. ಬಳ್ಳಿಯನ್ನು ಮೇವಿಗೆ ಕೊಯ್ದರೆ 22 ಕಿಲೋ ನಷ್ಟ. ಅದೇ ಬೆಳೆ, ಅದೇ ಗಂಟುಗಳು. ಲಾಭ ನಷ್ಟದ ನಡುವೆ ಇರುವುದು ಒಂದು ಕುಡುಗೋಲು. ಹೆಚ್ಚು ಕಾಳು ಕಟ್ಟುವಂತೆ ಅಭಿವೃದ್ಧಿಪಡಿಸಿದ ಗಿಡ್ಡ ತಳಿಗಳು ಮಣ್ಣಿಗೆ ಕಡಿಮೆ ಬಿಡುವುದೂ, ಎಲೆ ಉದುರಿಸುತ್ತಲೇ ಬೆಳೆಯುವ ದೀರ್ಘಾವಧಿ ತೊಗರಿ ಹೆಚ್ಚು ಬಿಡುವುದೂ ಈ ಲೆಕ್ಕದಿಂದಲೇ ಅರ್ಥವಾಗುತ್ತದೆ.

ಇದನ್ನು ಓದಿ ಸೋಯಾ ಬೆಳೆಯೇ ಬೇಡ ಎಂದುಕೊಂಡರೆ ಅದೂ ತಪ್ಪು. ಅದೇ ಜಾಗದಲ್ಲಿ 3,000 ಕಿಲೋ ಮೆಕ್ಕೆಜೋಳ ಬೆಳೆದಿದ್ದರೆ, ಶೇ 1.5ರ ಲೆಕ್ಕದಲ್ಲಿ ಕಾಳಿನೊಂದಿಗೆ 45 ಕಿಲೋ ಹೋಗುತ್ತಿತ್ತು, ಗಾಳಿಯಿಂದ ಮರಳಿ ಬರುವುದು ಇರುತ್ತಿರಲಿಲ್ಲ. ಹನ್ನೆರಡರ ಕೊರತೆ ನಲವತ್ತೈದರ ಕೊರತೆಗಿಂತ ಎಷ್ಟೋ ಮೇಲು. ‘ಸೇರಿಸುವುದು’ ಮತ್ತು ‘ಉಳಿಸುವುದು’ ಎರಡು ಬೇರೆ ಮಾತುಗಳು. ನಮ್ಮ ಬಾಯಿಪಾಠದ ವಾಕ್ಯದಲ್ಲಿ ಅವೆರಡೂ ಕಲಸಿಹೋಗಿವೆ.

ಮೇವು ಬೇಕಾದ ಮನೆಯಲ್ಲಿ ಬಳ್ಳಿಯನ್ನು ಹೊಲದಲ್ಲೇ ಬಿಡಿ ಎನ್ನುವುದು ಹೊಟ್ಟೆ ತುಂಬಿದವರ ಉಪದೇಶವಾದೀತು. ಬಳ್ಳಿ ಕೊಟ್ಟಿಗೆಗೆ ಹೋಗಲಿ, ಆದರೆ ಗೊಬ್ಬರವಾಗಿ ಅದೇ ಹೊಲಕ್ಕೆ ತಿರುಗಿ ಬರಬೇಕು. ದನ ತಿಂದ ಸಾರಜನಕದ ದೊಡ್ಡ ಪಾಲು ಗಂಜಲದಲ್ಲಿ ಹೊರಬೀಳುತ್ತದೆ. ಕೊಟ್ಟಿಗೆಯಲ್ಲಿ ಹುಲ್ಲು ಹಾಸಿ ಅದನ್ನು ಹೀರಿಸದಿದ್ದರೆ ಅಮೋನಿಯಾ ಆಗಿ ಗಾಳಿಗೇ ವಾಪಸ್. ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯುವ ಘಾಟು ಇದೆಯಲ್ಲ, ಅದು ಮುಂದಿನ ಬೆಳೆಯ ಗೊಬ್ಬರವೇ.

ಕೊಳೆಯುವ ವೇಗ

ಮಣ್ಣಿನ ಸೂಕ್ಷ್ಮಜೀವಿಗಳ ದೇಹದಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ ಸುಮಾರು 8:1. ತಿಂದ ಇಂಗಾಲದ ಮೂರನೇ ಎರಡು ಭಾಗ ಉಸಿರಾಟಕ್ಕೆ ಹೋಗುವುದರಿಂದ ಅವುಗಳಿಗೆ ಬೇಕಾದ ಆಹಾರದ ಅನುಪಾತ ಸುಮಾರು 24:1. ಗೋಧಿ ಹುಲ್ಲಿನದು 80:1ರ ಆಸುಪಾಸು. ಅದನ್ನು ಉತ್ತು ಹಾಕಿ ಕೂಡಲೇ ಬಿತ್ತಿದರೆ, ಕೊರತೆ ತುಂಬಿಕೊಳ್ಳಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕಕ್ಕೆ ಕೈಹಾಕುತ್ತವೆ, ಪೈರು ಹಳದಿಯಾಗುತ್ತದೆ. ಎಳೆಯ ದ್ವಿದಳದ ಎಲೆ 24ಕ್ಕಿಂತ ಕೆಳಗಿರುವುದರಿಂದ ಬೇಗ ಕೊಳೆತು ಸಾರಜನಕ ಬಿಡುತ್ತದೆ. ಬೇಗ ಎನ್ನುವುದೇ ಇಲ್ಲಿ ತೊಡಕು. ಎಲೆ ಕೊಳೆತಾಗ ಹೀರಿಕೊಳ್ಳುವ ಬೇರು ಇಲ್ಲದಿದ್ದರೆ, ಜೋರು ಮಳೆಗೆ ನೈಟ್ರೇಟ್ ಬೇರಿಗೆಟುಕದ ಆಳಕ್ಕೆ ಬಸಿದುಹೋಗುತ್ತದೆ. ಆದ್ದರಿಂದ ಹಸಿರೆಲೆ ಗೊಬ್ಬರ ಮಗುಚುವುದಕ್ಕೂ ಬಿತ್ತನೆಗೂ ನಡುವೆ ದೊಡ್ಡ ಅಂತರ ಬೇಡ. ಒಂದಿಷ್ಟು ಒಣ ಹುಲ್ಲು ಬೆರೆಸಿದರೆ ಬಿಡುಗಡೆ ನಿಧಾನವಾಗುತ್ತದೆ.

ರಂಜಕದ ವಿಷಯದಲ್ಲಿ ಮೋಸ ಹೋಗಬೇಡಿ. ಅದು ಗಾಳಿಯಲ್ಲಿಲ್ಲ, ಯಾವ ಬೆಳೆಯೂ ಅದನ್ನು ಹೊಸದಾಗಿ ತರಲಾರದು. ತೊಗರಿಯ ಬೇರು ಸ್ರವಿಸುವ ಪಿಸಿಡಿಕ್ ಆಮ್ಲ ಕಬ್ಬಿಣಕ್ಕೆ ಅಂಟಿಕೊಂಡ ರಂಜಕವನ್ನು ಬಿಡಿಸುತ್ತದೆ, ನಿಜ. ಆದರೆ ಅದು ಇರುವ ಗಂಟನ್ನು ಬಿಚ್ಚುವುದಷ್ಟೇ. ಬೇರುಗಂಟಿಗೂ ರಂಜಕ ಬೇಕಾದ್ದರಿಂದ, ಇರುವ ಅಲ್ಪ ಗೊಬ್ಬರವನ್ನು ದ್ವಿದಳಕ್ಕೆ ಕೊಟ್ಟು ಉಳಿಕೆಯನ್ನು ಏಕದಳಕ್ಕೆ ಬಿಡುವುದು ಜಾಣತನ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಮೊದಲು, ಉಳಿದದ್ದೆಲ್ಲ ಆಮೇಲೆ.

ಸಾರಜನಕವಲ್ಲದ ಲಾಭ

ಏಕದಳದ ಮೇಲೆಯೇ ಬದುಕುವ ರೋಗ ಮತ್ತು ಹುಳುಗಳಿಗೆ ಒಂದು ಹಂಗಾಮು ಉಪವಾಸ. ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯ ಪ್ರಸಂಗವಂತೂ ಮಜವಾಗಿದೆ. ಜೋಳದ ಬೇರು ಸೂಸುವ ರಾಸಾಯನಿಕದ ಸುಳಿವು ಹಿಡಿದು ಅದರ ಬೀಜ ಮೊಳೆಯುತ್ತದೆ. ಕೆಲವು ದ್ವಿದಳಗಳೂ ಅಂಥದೇ ಸುಳಿವು ಕೊಡುತ್ತವೆ. ಮೊಳೆತ ಕಳೆ ಅಂಟಿಕೊಳ್ಳಲು ತಕ್ಕ ಬೇರು ಸಿಗದೆ ಸಾಯುತ್ತದೆ. ಹಾಗೆಂದು ದ್ವಿದಳದ ಮೇಲೆ ದ್ವಿದಳ ಹಾಕುತ್ತ ಹೋಗುವಂತಿಲ್ಲ. ಕಡಲೆಯ ಸೊರಗು ರೋಗದ ಶಿಲೀಂಧ್ರ ಕಡಲೆ ಇಲ್ಲದೆಯೂ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರುತ್ತದೆ.

ಸಣ್ಣ ಹಿಡುವಳಿಯ ನಿಜವಾದ ಅಡ್ಡಿ ಜಾಗ. ಊಟದ ಧಾನ್ಯ ಬಿಟ್ಟು ಇಡೀ ಹೊಲಕ್ಕೆ ದ್ವಿದಳ ಹಾಕಿ ಎಂದರೆ ಯಾರು ಕೇಳುತ್ತಾರೆ? ಹೊಲವನ್ನು ಮೂರು ಪಾಲು ಮಾಡಿ, ಪ್ರತಿ ವರ್ಷ ಒಂದು ಪಾಲಿಗೆ ದ್ವಿದಳ ಹಾಕಿ, ಅದರ ಹಿಂದೆಯೇ ಸಾರಜನಕಕ್ಕೆ ಹಸಿದ ಮೆಕ್ಕೆಜೋಳ, ಮೂರನೆಯ ವರ್ಷ ಕಡಿಮೆಗೆ ತೃಪ್ತಿಪಡುವ ಸಿರಿಧಾನ್ಯ ಇಟ್ಟರೆ ಸರದಿ ತಾನಾಗಿ ಸುತ್ತುತ್ತದೆ. ಅಷ್ಟೂ ಆಗದಿದ್ದರೆ ಮುಖ್ಯ ಬೆಳೆಯ ನಡುವೆ ಬೇರೆ ಬೆಳೆ ಹಾಕುವ ಅಕ್ಕಡಿ ಸಾಲು ಇದ್ದೇ ಇದೆ. ತೊಗರಿ ಮೊದಲಲ್ಲಿ ನಿಧಾನವಾಗಿ ಬೆಳೆಯುವುದರಿಂದ ಪಕ್ಕದ ಏಕದಳಕ್ಕೆ ಪೈಪೋಟಿ ಕೊಡುವುದಿಲ್ಲ. ಆ ಏಕದಳ ಕೊಯ್ಲಾದ ಮೇಲೆ ತೊಗರಿ ಹರಡಿಕೊಳ್ಳುತ್ತದೆ. ಮಲಾವಿಯಲ್ಲಿ ಇದೇ ಗುಣ ನೋಡಿ ತೊಗರಿ ಮತ್ತು ಶೇಂಗಾವನ್ನು ಜೊತೆಯಾಗಿ ಬೆಳೆದು, ಮರುವರ್ಷ ಮೆಕ್ಕೆಜೋಳ ಹಾಕುವ ಪದ್ಧತಿ ರೂಪಿಸಿದ್ದಾರೆ.

ಕೊನೆಯದಾಗಿ ಒಂದು ಪ್ರಯೋಗ, ಇದನ್ನು ನೀವೇ ಮಾಡಬಹುದು. ಈ ವರ್ಷ ಹೊಲದ ಒಂದು ಪಟ್ಟಿಗೆ ದ್ವಿದಳ, ಪಕ್ಕದ ಪಟ್ಟಿಗೆ ಏಕದಳ ಹಾಕಿ. ಮುಂದಿನ ವರ್ಷ ಎರಡಕ್ಕೂ ಮೆಕ್ಕೆಜೋಳ ಬಿತ್ತಿ, ಎರಡೂ ಪಟ್ಟಿಗಳ ಅರ್ಧಕ್ಕೆ ಮಾತ್ರ ಸಾರಜನಕ ಗೊಬ್ಬರ ಕೊಡಿ. ಗೊಬ್ಬರವಿಲ್ಲದ ಅರ್ಧಗಳಲ್ಲಿ ಮಾತ್ರ ದ್ವಿದಳದ ಪಟ್ಟಿ ಹೆಚ್ಚು ಹಸಿರಾಗಿದ್ದರೆ ನಿಮಗೆ ಸಿಕ್ಕಿದ್ದು ಸಾರಜನಕ. ಗೊಬ್ಬರ ಸಾಕಷ್ಟು ಕೊಟ್ಟ ಅರ್ಧಗಳಲ್ಲೂ ದ್ವಿದಳದ ಹಿಂದಿನ ಪೈರೇ ಮೇಲುಗೈಯಾದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು: ಒಂದು ಗಿಡ ಎಬ್ಬಿಸಿ ಬೇರು ನೋಡಿ.