ಶೇ 5ರಿಂದ ಶೇ 90ಕ್ಕೆ ದಾರಿ ಎಷ್ಟು ದೂರ?

ಅಣುಶಕ್ತಿ ಕುರಿತ ಅಂತರರಾಷ್ಟ್ರೀಯ ಮಾತುಕತೆ ಸುದ್ದಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳಿಬರುತ್ತದೆ. ‘ವಿದ್ಯುತ್ ಸ್ಥಾವರಕ್ಕೆ ಶೇ 5ರ ಯುರೇನಿಯಂ ಸಾಕು, ಬಾಂಬಿಗೆ ಶೇ 90 ಬೇಕು. ಶೇ 5ರವರೆಗೆ ಸಂವರ್ಧನೆ ಮಾಡಿಕೊಳ್ಳಲು ಬಿಟ್ಟರೆ ತಪ್ಪೇನು? ಇನ್ನೂ 85 ಬಾಕಿ ಇರುತ್ತದಲ್ಲ?’ ಕೇಳುವವರ ಬಗ್ಗೆ ನನಗೆ ಬೇಸರವಿಲ್ಲ. ಹಾಗೆ ಅನ್ನಿಸುವುದು ಸಹಜ. ಆದರೆ ಪರದೆಯ ಮೇಲೆ ಸೊನ್ನೆಯಿಂದ ನೂರರವರೆಗೆ ಗೆರೆ ಎಳೆದು, ಇಂಥ ದೇಶ ಈಗ ಇಲ್ಲಿದೆ ಎಂದು ಬೆರಳಿಟ್ಟು ತೋರಿಸುವ ಪಂಡಿತರ ಬಗ್ಗೆ ಬೇಸರವಿದೆ. ಆ ಗೆರೆಯೇ ತಪ್ಪು. ಸಂವರ್ಧನೆ ಎಂದರೆ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಪರಮಾಣುಗಳ ಪಾಲನ್ನು ಹೆಚ್ಚಿಸುವುದು. ಅದರ ಶೇಕಡಾ ಅಂಕಿ ದೂರವನ್ನು ಅಳೆಯುವುದಿಲ್ಲ.

ಎಣಿಸಿ ನೋಡೋಣ. ಗಣಿಯಿಂದ ಬಂದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯು-235 ಇರುವುದು ಶೇ 0.7ರಷ್ಟು ಮಾತ್ರ. 1,000 ಪರಮಾಣು ತೆಗೆದುಕೊಂಡರೆ 7. ಉಳಿದ 993 ಯು-238. ಸೆಂಟ್ರಿಫ್ಯೂಜ್ ಯಂತ್ರ ಯು-235 ಅನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಬೇಡದ ಯು-238 ಅನ್ನು ಬೇರ್ಪಡಿಸಿ ಹೊರಹಾಕುತ್ತದೆ, ಅಷ್ಟೆ. ಶೇ 5 ಮುಟ್ಟಬೇಕಾದರೆ 140ರಲ್ಲಿ 7 ಉಳಿಯಬೇಕು. ಅಂದರೆ 860 ಪರಮಾಣು ಆಚೆ ಹೋಗಬೇಕು. ಅಲ್ಲಿಂದ ಶೇ 20 ಮುಟ್ಟಲು ಇನ್ನು 105 ಹೋದರೆ ಸಾಕು, 35ರಲ್ಲಿ 7 ಉಳಿಯುತ್ತವೆ. ಶೇ 60ಕ್ಕೆ ಮತ್ತೆ 23. ಶೇ 60ರಿಂದ ಶೇ 90ಕ್ಕೆ ಏರಲು ಹೊರಹಾಕಬೇಕಾದದ್ದು ಸುಮಾರು 4. ಗೆರೆಯ ಮೇಲೆ ಶೇ 5 ಇನ್ನೂ ಹೊಸ್ತಿಲಿನಂತೆ ಕಾಣುತ್ತದೆ. ಲೆಕ್ಕದಲ್ಲಿ ದಾರಿಯ ಬಹುಪಾಲು ಅಲ್ಲಿಗೇ ಮುಗಿದಿರುತ್ತದೆ.

ಪರಮಾಣುಗಳ ಎಣಿಕೆ ಅರ್ಥ ಮಾಡಿಸಲು ಚೆನ್ನ, ಆದರೆ ಉದ್ಯಮದಲ್ಲಿ ಲೆಕ್ಕ ಇಡುವುದು ಬೇರ್ಪಡಿಕೆಯ ಶ್ರಮದಲ್ಲಿ. ಅದರ ಮಾನಕ್ಕೆ ಎಸ್‌ಡಬ್ಲ್ಯುಯು ಎನ್ನುತ್ತಾರೆ. ಹೊರಹೋಗುವ ಶೇಷದಲ್ಲಿ ಶೇ 0.3ರಷ್ಟು ಯು-235 ಉಳಿಯುತ್ತದೆ ಎಂದು ಇಟ್ಟುಕೊಂಡರೆ, ಶೇ 90ರ 1 ಕೆ.ಜಿ. ಯುರೇನಿಯಂ ಮಾಡಲು ಸುಮಾರು 218 ಕೆ.ಜಿ. ಸಹಜ ಯುರೇನಿಯಂ ಮತ್ತು 193 ಎಸ್‌ಡಬ್ಲ್ಯುಯು ಬೇಕು. ಆ ಒಟ್ಟು ಶ್ರಮವನ್ನು 100 ಭಾಗ ಎಂದುಕೊಂಡರೆ, ಶೇ 5 ಮುಟ್ಟುವಷ್ಟರಲ್ಲೇ ಸುಮಾರು 70 ಭಾಗ ಮುಗಿದಿರುತ್ತದೆ. ಶೇ 20ರ ಹೊತ್ತಿಗೆ 90 ಭಾಗ, ಶೇ 60ರ ಹೊತ್ತಿಗೆ 98 ಭಾಗ. ಇದು ಆದರ್ಶ ಯಂತ್ರಸಾಲಿನ ಲೆಕ್ಕ ಎಂಬ ಎಚ್ಚರಿಕೆ ಇರಲಿ. ನಿಜವಾದ ಘಟಕದಲ್ಲಿ ಹಂತ ಹಂತವಾಗಿ ಏರಿಸುತ್ತಾರೆ, ಪ್ರತಿ ಹಂತದ ಶೇಷದಲ್ಲಿ ಹೆಚ್ಚು ಯು-235 ಉಳಿಯುತ್ತದೆ, ಯಂತ್ರಗಳು ಕೆಡುತ್ತವೆ, ಸಾಲುಗಳ ಜೋಡಣೆ ಬದಲಿಸುವಾಗ ಸಮಯ ಹೋಗುತ್ತದೆ. ಅಂಕಿಗಳು ಅತ್ತಿತ್ತ ಸರಿಯುತ್ತವೆ, ಆದರೆ ಹೆಚ್ಚಿನ ಶ್ರಮ ಮೊದಲ ಹಂತದಲ್ಲೇ ಇದೆ ಎಂಬುದು ಬದಲಾಗುವುದಿಲ್ಲ.

ಮಾತುಕತೆಯ ಮೇಜಿನ ನಿಜವಾದ ಬಿಕ್ಕಟ್ಟು ಹುಟ್ಟುವುದು ಇಲ್ಲೇ. 1,000 ಮೆಗಾವಾಟ್‌ನ ಒಂದು ಲಘುಜಲ ರಿಯಾಕ್ಟರ್‌ಗೆ ವರ್ಷಕ್ಕೆ ಬೇಕಾಗುವ ಇಂಧನವನ್ನು ಸಂವರ್ಧಿಸಲು ಸುಮಾರು 1 ಲಕ್ಷ ಎಸ್‌ಡಬ್ಲ್ಯುಯು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. ಇನ್ನೊಂದು ಕಡೆ, ಒಂದು ಸ್ಫೋಟಕ ಸಾಧನದ ಸಾಧ್ಯತೆಯನ್ನು ತಳ್ಳಿಹಾಕಲಾಗದ ಪ್ರಮಾಣ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ (ಐಎಇಎ) ಗುರುತಿಸಿರುವುದು ಹೆಚ್ಚು ಸಂವರ್ಧಿತ ಯುರೇನಿಯಂನಲ್ಲಿನ 25 ಕೆ.ಜಿ. ಯು-235. ಮೇಲಿನ ಲೆಕ್ಕದಲ್ಲಿ ಅದಕ್ಕೆ ಸಾಕಾಗುವುದು 5,400 ಎಸ್‌ಡಬ್ಲ್ಯುಯು ಆಸುಪಾಸು. ಒಂದೇ ಒಂದು ವಿದ್ಯುತ್ ರಿಯಾಕ್ಟರ್‌ಗೂ ಸಾಲದಷ್ಟು ಚಿಕ್ಕ ಘಟಕ, ಬೇರೆ ಉದ್ದೇಶಕ್ಕೆ ಧಾರಾಳವಾಗಿ ಸಾಕು. ‘ನಮ್ಮದು ಬರೀ ವಿದ್ಯುತ್‌ಗಾಗಿ ಕಟ್ಟಿದ ಸಣ್ಣ ಘಟಕ’ ಎಂಬ ವಾದ ಎದುರು ಕೂತವರನ್ನು ಸಮಾಧಾನಪಡಿಸದೆ ಇನ್ನಷ್ಟು ಆತಂಕಕ್ಕೆ ದೂಡುವುದು ಇದೇ ಕಾರಣಕ್ಕೆ. ಹಾಗೆಂದು ಹಕ್ಕಿನ ಮಾತನ್ನು ತಳ್ಳಿಹಾಕುವಂತಿಲ್ಲ. 1970ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ 4ನೇ ವಿಧಿ ಶಾಂತಿಯುತ ಬಳಕೆಯ ಹಕ್ಕನ್ನು ಕೊಡುತ್ತದೆ. ಅದರಲ್ಲಿ ಸಂವರ್ಧನೆ ಎಂಬ ಹೆಸರಿಲ್ಲ, ಸಂವರ್ಧನೆ ಕೂಡದು ಎಂಬ ಮಾತೂ ಇಲ್ಲ. ಐದು ದಶಕ ದಾಟಿದರೂ ಜಗಳ ತೀರದಿರುವುದು ಆ ಮೌನದಿಂದ.

ಒಳ್ಳೆಯ ಒಪ್ಪಂದ ಶೇಕಡಾವನ್ನು ಒಂಟಿಯಾಗಿ ಕಟ್ಟಿಹಾಕುವುದಿಲ್ಲ. 2015ರ ಜುಲೈ 14ರಂದು ವಿಯೆನ್ನಾದಲ್ಲಿ ಆದ ಇರಾನ್ ಒಪ್ಪಂದವನ್ನೇ ನೋಡಿ. ಶೇ 3.67ರ ಮಿತಿ ಎಲ್ಲರಿಗೂ ನೆನಪಿದೆ. ಅದರ ಜೊತೆಗಿದ್ದ ಎರಡು ಅಂಕಿಗಳನ್ನು ಬಹಳಷ್ಟು ಜನ ಮರೆತಿದ್ದಾರೆ. ದಾಸ್ತಾನು 300 ಕೆ.ಜಿ. ಯುರೇನಿಯಂ ಹೆಕ್ಸಾಫ್ಲೋರೈಡ್ ಮೀರಬಾರದು. ನತಾಂಜ್‌ನಲ್ಲಿ ಸಂವರ್ಧನೆಗೆ 5,060 ಐಆರ್-1 ಮಾದರಿಯ ಸೆಂಟ್ರಿಫ್ಯೂಜ್‌ಗಳಿಗಿಂತ ಹೆಚ್ಚು ತಿರುಗಬಾರದು. ಆ 300 ಕೆ.ಜಿ. ಅನಿಲದಲ್ಲಿ ಯುರೇನಿಯಂ 202.8 ಕೆ.ಜಿ., ಅದರೊಳಗಿನ ಯು-235 ಏಳೂವರೆ ಕೆ.ಜಿ.ಗಿಂತ ಕಡಿಮೆ. ಒಂದು ಗ್ರಾಂ ಕೂಡ ಪೋಲಾಗದಂತೆ ಏರಿಸಿದರೂ 25 ಕೆ.ಜಿ. ಆಗುವುದಿಲ್ಲ. ಹಾಗಾಗಿ ಸಹಜ ಯುರೇನಿಯಂನಿಂದಲೇ ಮತ್ತೆ ಶುರು ಮಾಡಬೇಕು. ಒಂದು ಐಆರ್-1 ವರ್ಷಕ್ಕೆ ಕೊಡುವುದು ಹೆಚ್ಚೆಂದರೆ ಸುಮಾರು 1 ಎಸ್‌ಡಬ್ಲ್ಯುಯು. 5,060 ಯಂತ್ರಗಳಿಗೆ ಆ ಕೆಲಸ ಹೆಚ್ಚುಕಡಿಮೆ ವರ್ಷದ್ದು. ಅಂದಿನ ಮಾತುಕತೆಯಲ್ಲಿ ಎಲ್ಲರೂ ಹೇಳುತ್ತಿದ್ದ, ಒಂದು ಅಸ್ತ್ರಕ್ಕೆ ಸಾಕಾಗುವ ವಸ್ತು ಸಿದ್ಧವಾಗಲು ಬೇಕಾದ ‘12 ತಿಂಗಳು’ ಈ ಮೂರೂ ಮಿತಿ ಸೇರಿದಾಗಲಷ್ಟೇ ನಿಲ್ಲುತ್ತದೆ. ಶೇ 3.67ರ ಮಿತಿ ಉಳಿಸಿಕೊಂಡು ದಾಸ್ತಾನಿನ ಮಿತಿ ತೆಗೆದರೆ, ಕಾಗದದ ಮೇಲೆ ಶೇಕಡಾ ಬದಲಾಗದೆಯೇ ಸಮಯ ಕುಸಿಯುತ್ತದೆ.

ಇದರ ಉಲ್ಟಾ ತಪ್ಪೂ ಇದೆ. ಶೇ 60 ಎಂದ ಕೂಡಲೇ ‘ಬಾಂಬ್ ಸಿದ್ಧ’ ಎಂದು ಕೂಗುವುದು. ಇರಾನ್ 2021ರ ಏಪ್ರಿಲ್‌ನಲ್ಲಿ ಶೇ 60ರ ಸಂವರ್ಧನೆ ಶುರು ಮಾಡಿತು. 2025ರ ಜೂನ್ ಮಧ್ಯದ ಹೊತ್ತಿಗೆ ಆ ದಾಸ್ತಾನು 440.9 ಕೆ.ಜಿ. ಎಂದು ಐಎಇಎ ಅಂದಾಜಿಸಿತು. ಸುಮಾರು 42 ಕೆ.ಜಿ.ಯಲ್ಲಿ 25 ಕೆ.ಜಿ. ಯು-235 ಇರುವುದರಿಂದ ಇದು ಬಹಳ ಗಂಭೀರ ಪ್ರಮಾಣ, ಹಗುರವಾಗಿ ಮಾತಾಡುವಂಥದ್ದಲ್ಲ. ಆದರೂ ಅದು ಆ ರೂಪದಲ್ಲಿ ಅಸ್ತ್ರವಲ್ಲ. ಬ್ರೇಕ್‌ಔಟ್ ಸಮಯ ಎಂದು ಪತ್ರಿಕೆಗಳು ಬರೆಯುವ ವಾರ, ತಿಂಗಳುಗಳ ಲೆಕ್ಕ ಕೇವಲ ವಸ್ತು ಸಿದ್ಧವಾಗಲು ಬೇಕಾದ ಅವಧಿ. ಅಸ್ತ್ರ ಸಿದ್ಧವಾಗಲು ಹಿಡಿಯುವ ಸಮಯ ಅದರಲ್ಲಿ ಸೇರಿರುವುದೇ ಇಲ್ಲ.

ಶೇಕಡಾ ಅಂಕಿಯೊಂದೇ ಹೇಗೆ ದಾರಿ ತಪ್ಪಿಸುತ್ತದೆ ಎನ್ನುವುದಕ್ಕೆ ಇರಾನ್‌ನ ಫೋರ್ದೋ ಸಂವರ್ಧನಾ ಘಟಕದ ಪ್ರಸಂಗ ಸಾಕ್ಷಿ. 2023ರ ಜನವರಿಯಲ್ಲಿ ಅಲ್ಲಿ ತೆಗೆದ ಮಾದರಿಯಲ್ಲಿ ಶೇ 83.7ರ ಕಣಗಳು ಸಿಕ್ಕವು. ಜಗತ್ತು ಬೆಚ್ಚಿತು. ಕಣ ಸಿಗುವುದು ಬೇರೆ, ದಾಸ್ತಾನು ಸಿಗುವುದು ಬೇರೆ. ಯಂತ್ರಸಾಲಿನ ಜೋಡಣೆ ಬದಲಾಗುವ ವೇಳೆ ಕ್ಷಣಕಾಲ ಮಟ್ಟ ಏರುವುದು ಸಾಧ್ಯ. ಉದ್ದೇಶಪೂರ್ವಕ ಉತ್ಪಾದನೆಯೂ ಸಾಧ್ಯ. ತಪಾಸಣೆ ನಡೆಸಿ, ದಾಖಲೆ ತರಿಸಿ, ಕೆಲವು ತಿಂಗಳ ಬಳಿಕ ಐಎಇಎ ಇರಾನ್‌ನ ವಿವರಣೆ ತನ್ನ ಮಾಹಿತಿಗೆ ವಿರುದ್ಧವಾಗಿಲ್ಲ ಎಂದು, ಆ ಹಂತದಲ್ಲಿ ಹೆಚ್ಚಿನ ಪ್ರಶ್ನೆಗಳಿಲ್ಲ ಎಂದು ಹೇಳಿತು. ಬಟ್ಟೆಯ ಒಂದು ಒರಸಿನಲ್ಲಿ ಸಿಕ್ಕ ಸೂಕ್ಷ್ಮ ಕಣವನ್ನೂ ಪ್ರಯೋಗಾಲಯ ಗುರುತಿಸಬಲ್ಲದು. ಅದಕ್ಕೆ ಅರ್ಥ ಕಟ್ಟುವುದಕ್ಕೆ ಮಾತ್ರ ಸ್ಥಳದಲ್ಲಿ ಇನ್‌ಸ್ಪೆಕ್ಟರ್‌ಗಳು ಬೇಕು.

ಸಂವರ್ಧನೆಯೊಂದೇ ದಾರಿಯಲ್ಲ ಎಂಬುದನ್ನೂ ಹೇಳಬೇಕು. ಬಳಸಿದ ಇಂಧನದಿಂದ ಬೇರ್ಪಡಿಸುವ ಪ್ಲುಟೋನಿಯಂ ಎರಡನೆಯ ದಾರಿ. ಅದಕ್ಕೆ ಐಎಇಎ ಇಟ್ಟ ಗಡಿ 8 ಕೆ.ಜಿ. 1974ರಲ್ಲಿ ಭಾರತದ ಪೋಖ್ರಾನ್ ಸ್ಫೋಟಕ್ಕೆ ಪ್ಲುಟೋನಿಯಂ ಬಂದದ್ದು ಕೆನಡಾ ನೆರವಿನ ಸೈರಸ್ ರಿಯಾಕ್ಟರ್‌ನಿಂದ. ಅಣು ಸಾಮಗ್ರಿಯ ರಫ್ತಿಗೆ ಕಡಿವಾಣ ಹಾಕುವ ಪರಮಾಣು ಪೂರೈಕೆದಾರರ ಗುಂಪು ರೂಪುಗೊಂಡಿದ್ದು ಅದರ ಬೆನ್ನಿಗೇ. ಇರಾನ್ ಒಪ್ಪಂದದಲ್ಲಿ ಅರಾಕ್ ರಿಯಾಕ್ಟರ್‌ನ ಕೇಂದ್ರಭಾಗವನ್ನು ತೆಗೆದು ಕಾಂಕ್ರೀಟ್ ತುಂಬಿಸಿದ್ದೂ ಈ ದಾರಿ ಮುಚ್ಚಲೆಂದೇ.

ಹಾಗಾದರೆ ವಿದ್ಯುತ್ ಬೇಕೆನ್ನುವ ದೇಶ ಏನು ಮಾಡಬೇಕು? ಯುಎಇ 2009ರಲ್ಲಿ ಅಮೆರಿಕದ ಜೊತೆ ಅಣುಶಕ್ತಿ ಸಹಕಾರ ಒಪ್ಪಂದಕ್ಕೆ ಸಹಿ ಹಾಕುವಾಗ ಸಂವರ್ಧನೆ, ಮರುಸಂಸ್ಕರಣೆ (ಬಳಸಿದ ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸುವುದು) ಎರಡನ್ನೂ ಬಿಟ್ಟುಕೊಟ್ಟಿತು. ಇಂದು ಅಲ್ಲಿನ ಬರಾಕಾದಲ್ಲಿ ನಾಲ್ಕು ರಿಯಾಕ್ಟರ್‌ಗಳಿವೆ. ಪೂರೈಕೆ ನಿಂತರೆ ಗತಿಯೇನು ಎಂಬ ಭಯಕ್ಕೆ ಉತ್ತರವಾಗಿ ಐಎಇಎ ಕಜಾಕಸ್ತಾನದಲ್ಲಿ ಇಂಧನ ಬ್ಯಾಂಕ್ ತೆರೆದಿದೆ. 2019ರಲ್ಲಿ ಅದಕ್ಕೆ 90 ಟನ್ ಕಡಿಮೆ ಸಂವರ್ಧಿತ ಯುರೇನಿಯಂ ಬಂದು ಸೇರಿತು. ನನ್ನ ಅಭಿಪ್ರಾಯದಲ್ಲಿ ಒಂದೆರಡು ರಿಯಾಕ್ಟರ್‌ಗಾಗಿ ಸ್ವಂತ ಸಂವರ್ಧನೆ ಆರ್ಥಿಕವಾಗಿ ಸಮರ್ಥಿಸಿಕೊಳ್ಳುವುದು ಕಷ್ಟ. ಆದರೆ ಬೇರೆಯವರು ತನಗೆ ಕೊಟ್ಟ ಮಾತು ಮುರಿದ ಅನುಭವವಿರುವ ದೇಶಕ್ಕೆ ಈ ವಾದ ಹಿಡಿಸುವುದಿಲ್ಲ ಎಂಬುದನ್ನೂ ಗೌರವದಿಂದ ಒಪ್ಪಬೇಕು.

ಈಗಾಗಲೇ ಏರಿಸಿದ್ದನ್ನು ಇಳಿಸುವುದು ತಾಂತ್ರಿಕವಾಗಿ ಕಷ್ಟವಲ್ಲ. ಶೇ 60ರ 1 ಕೆ.ಜಿ.ಗೆ ಸಹಜ ಯುರೇನಿಯಂ ಬೆರೆಸಿದರೆ ಶೇ 3.67ರ ಸುಮಾರು 20 ಕೆ.ಜಿ. ಆಗುತ್ತದೆ. 1993ರಿಂದ 2013ರವರೆಗೆ ರಷ್ಯಾದ ಸಿಡಿತಲೆಗಳಿಂದ ತೆಗೆದ 500 ಟನ್ ಯುರೇನಿಯಂ ಹೀಗೆಯೇ ತೆಳುವಾಗಿ ಅಮೆರಿಕದ ವಿದ್ಯುತ್ ಸ್ಥಾವರಗಳಲ್ಲಿ ಉರಿಯಿತು. ಬೆರೆಸಿದ ವಸ್ತು ದೇಶದೊಳಗೇ ಉಳಿಯುತ್ತದೆಯೋ, ಹೊರಗೆ ಸಾಗುತ್ತದೆಯೋ ಎಂಬುದನ್ನು ಮಾತ್ರ ಬೇರೆಯಾಗಿ ಕೇಳಬೇಕು. 2015ರ ಡಿಸೆಂಬರ್‌ನಲ್ಲಿ ಇರಾನ್ ಸುಮಾರು 11 ಟನ್ ಹಡಗಿಗೇರಿಸಿ ರಷ್ಯಾಕ್ಕೆ ಕಳಿಸಿದ್ದು ಈ ಕಾರಣಕ್ಕೆ.

ಮುಂದಿನ ಯಾವುದೇ ಒಪ್ಪಂದದ ಪಠ್ಯ ಕೈಗೆ ಬಂದಾಗ ಶೇಕಡಾ ಹುಡುಕುವ ಮೊದಲು ಅನುಬಂಧ ತೆರೆಯಿರಿ. ದಾಸ್ತಾನು ಎಷ್ಟು, ಯಾವ ರೂಪದಲ್ಲಿ? ಯಂತ್ರಗಳು ಎಷ್ಟು, ಯಾವ ಮಾದರಿ? ತೆಗೆದಿಟ್ಟ ಯಂತ್ರ ಯಾರ ಮುದ್ರೆಯಡಿ ಇದೆ? ಸೆಂಟ್ರಿಫ್ಯೂಜ್‌ನೊಳಗೆ ತಿರುಗುವ ರೋಟರ್ ಕೊಳವೆ ತಯಾರಾಗುವ ಕಾರ್ಯಾಗಾರಕ್ಕೆ ಇನ್‌ಸ್ಪೆಕ್ಟರ್ ಹೋಗಬಹುದೇ? ಈ ಕೊನೆಯದು ಸಣ್ಣ ವಿವರದಂತೆ ಕಂಡರೂ ನನಗೆ ಅತಿ ಹೆಚ್ಚು ಚಿಂತೆಯ ವಿಷಯ. ಇರಾನ್ 2021ರ ಫೆಬ್ರುವರಿಯಲ್ಲಿ ಹೆಚ್ಚುವರಿ ತಪಾಸಣೆ ನಿಲ್ಲಿಸಿತು, 2022ರ ಜೂನ್‌ನಲ್ಲಿ ಐಎಇಎಯ 27 ಕ್ಯಾಮೆರಾ ತೆಗೆಸಿತು. ಅದಾದ ಮೇಲೆ ಎಷ್ಟು ರೋಟರ್‌ಗಳು ತಯಾರಾದವು, ಅವು ಎಲ್ಲಿವೆ ಎಂಬ ನಿರಂತರ ಅರಿವು ತನಗಿಲ್ಲ ಎಂದು ಐಎಇಎ ಪದೇ ಪದೇ ಹೇಳಿದೆ. ನಾಳೆಯೇ ಸಹಿ ಬಿದ್ದು ಮಿತಿ ಶೇ 3.67ಕ್ಕೆ ಇಳಿದರೂ, ಖರೀದಿ ದಾಖಲೆ, ಉತ್ಪಾದನಾ ಪುಸ್ತಕ, ಗೋದಾಮಿನ ಎಣಿಕೆ ಒಂದಕ್ಕೊಂದು ತಾಳೆಯಾಗುವವರೆಗೆ ಹಳೆಯ ‘12 ತಿಂಗಳು’ ಮರಳಿತು ಎಂದು ಯಾವ ಜವಾಬ್ದಾರಿಯುತ ತಜ್ಞನೂ ಹೇಳಲಾರ.